ಹಳೆಯ ಹಂಚಿನ ಮನೆಗೆ ತಾಪದ ತಡೆ: ಕುಂದಾಪುರದಲ್ಲೊಂದು ಅನುಭವ

ಕುಂದಾಪುರ ಪೇಟೆಯ ಪಶ್ಚಿಮಕ್ಕೆ, ಕಡಲ ಗಾಳಿ ನೇರವಾಗಿ ಬಡಿಯುವ ಕಡೆ ಇರುವ ನಮ್ಮ ಮನೆ ಅಜ್ಜನ ಕಾಲದ್ದು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಜಗಲಿ, ಒಳಗೆ ಚಾವಡಿ, ಚಾವಡಿಯ ಪಕ್ಕಕ್ಕೆ ಹಲಸಿನ ಹಲಗೆಯ ಮುಚ್ಚಿಗೆ ಇರುವ ಎರಡು ಕೋಣೆಗಳು. ಹಿಂಭಾಗದಲ್ಲಿ 1980ರ ದಶಕದಲ್ಲಿ ಸೇರಿಸಿದ ಅಡುಗೆಮನೆ ಮತ್ತು ಒಂದು ಕೋಣೆ, ಅವುಗಳ ಮೇಲೆ ಕಾಂಕ್ರೀಟಿನ ತಾರಸಿ. ಕರಾವಳಿಯ ಹಳೆಯ ಮನೆಗಳಲ್ಲಿ ಬಹಳಷ್ಟು ಇಂದು ಹೀಗೆಯೇ ಅರ್ಧ ಹಂಚು, ಅರ್ಧ ಕಾಂಕ್ರೀಟಾಗಿ ನಿಂತಿವೆ. ಇಂತಹ ಮನೆಗೆ ಇನ್ಸುಲೇಶನ್ (ಶಾಖದ ತಡೆ) ಮಾಡಿಸುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದನ್ನು ಮಾಡಲೇಬಾರದು ಎಂಬುದನ್ನು ಹೇಳುವವರು ನಮಗೆ ಸುಲಭವಾಗಿ ಸಿಗಲಿಲ್ಲ. ಆದ್ದರಿಂದ ನಾವು ನಡೆದ ದಾರಿಯನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಕೆಲಸಕ್ಕೆ ಕೈಹಾಕಲು ಕಾರಣ ಅಮ್ಮ. ಎಂಬತ್ತು ದಾಟಿದ ಅವರು ಚಾವಡಿಯಲ್ಲೇ ಮಲಗುವವರು. ಕೆಲವು ವರ್ಷಗಳಿಂದ ಮಾರ್ಚ್ ಬಂತೆಂದರೆ ಅವರಿಗೆ ಮಧ್ಯಾಹ್ನ ಒರಗುವುದಕ್ಕೂ ಆಗುತ್ತಿರಲಿಲ್ಲ, ರಾತ್ರಿ ನಿದ್ದೆಯೂ ಬರುತ್ತಿರಲಿಲ್ಲ. ಬಯಲುಸೀಮೆಯವರಿಗೆ ನಮ್ಮ ಊರಿನ 35 ಡಿಗ್ರಿ ದೊಡ್ಡ ಬಿಸಿಲೆನಿಸದು. ಆದರೆ ಗಾಳಿಯ ತೇವಾಂಶದಿಂದಾಗಿ ಇಲ್ಲಿ ಮೈಯ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹವಾಮಾನ ಇಲಾಖೆಯೂ ಬಿಸಿಗಾಳಿಯನ್ನು ಅಳೆಯಲು ಬಯಲು ಪ್ರದೇಶಕ್ಕೆ 40 ಡಿಗ್ರಿಯ ಮಿತಿ ಇಟ್ಟಿದ್ದರೆ ಕರಾವಳಿಗೆ 37 ಡಿಗ್ರಿಯ ಮಿತಿ ಇಟ್ಟಿದೆ. ಇಂತಹ ಹವೆಯಲ್ಲಿ ತಲೆಯ ಮೇಲಿನ ಮಾಡೂ ಕೆಂಡದಂತೆ ಕಾದು ಶಾಖವನ್ನು ಕೆಳಗೆ ಸುರಿಯತೊಡಗಿದರೆ ಫ್ಯಾನಿನಿಂದ ಬರುವುದು ಬಿಸಿಗಾಳಿಯೇ.

ಮೊದಲು ಮಾಡಿದ ಕೆಲಸ ಅಳತೆ. ದೂರದಿಂದಲೇ ಮೇಲ್ಮೈಯ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ತರಿಸಿಕೊಂಡು ಏಪ್ರಿಲಿನ ಮಧ್ಯಾಹ್ನಗಳಲ್ಲಿ ಮಾಡಿನ ಒಳಮೈ, ಮುಚ್ಚಿಗೆ, ಗೋಡೆ, ತಾರಸಿಯ ಅಡಿ ಎಲ್ಲವನ್ನೂ ನೋಡಿದೆ. ಜಗಲಿಯ ನೆರಳಿನಲ್ಲಿ ಗಾಳಿ 34 ಡಿಗ್ರಿಯ ಆಸುಪಾಸಿನಲ್ಲಿರುವಾಗ ಹಂಚಿನ ಒಳಮೈ 50 ದಾಟುತ್ತಿತ್ತು. ಮುಚ್ಚಿಗೆ ಇರುವ ಕೋಣೆಗಳಲ್ಲಿ ಹಲಗೆಯ ಅಡಿ ಸುಮಾರು 36. ಮುಚ್ಚಿಗೆ ಇಲ್ಲದ ಚಾವಡಿಯಲ್ಲಿ ಹಂಚಿನ ಶಾಖ ನೇರವಾಗಿ ಮೈಮೇಲೆ. ತಾರಸಿಯ ಸ್ವಭಾವವೇ ಬೇರೆ. ಮಧ್ಯಾಹ್ನ ಅದು ಹಂಚಿನಷ್ಟು ಕಾಯುತ್ತಿರಲಿಲ್ಲ, ಆದರೆ ಹಗಲೆಲ್ಲ ಕುಡಿದ ಶಾಖವನ್ನು ಸಂಜೆಯ ಮೇಲೆ ಬಿಡತೊಡಗಿ ರಾತ್ರಿ ಎಂಟರ ಹೊತ್ತಿಗೆ ಮಧ್ಯಾಹ್ನಕ್ಕಿಂತ ಹೆಚ್ಚು ಬಿಸಿಯಾಗಿರುತ್ತಿತ್ತು. ಹಂಚು ಸೂರ್ಯ ಮುಳುಗಿದ ಮೇಲೆ ಬೇಗನೆ ತಣಿಯುತ್ತದೆ, ಕಾಂಕ್ರೀಟು ತಣಿಯಲು ನಡುರಾತ್ರಿ ಬೇಕು. ಒಂದೇ ಮನೆಯ ಎರಡು ಭಾಗಗಳಿಗೆ ಎರಡು ಬೇರೆ ಚಿಕಿತ್ಸೆ ಬೇಕೆಂಬುದು ಈ ಅಳತೆಯಿಂದಲೇ ಖಚಿತವಾಯಿತು.

ಸಲಹೆಗಳಿಗೆ ಕೊರತೆ ಇರಲಿಲ್ಲ. ಹಂಚನ್ನು ಇಳಿಸಿ ಸ್ಲ್ಯಾಬ್ ಹಾಕಿಸಿ ಎಂದವರು ಕೆಲವರು. ಚಾವಡಿಗೆ ಪಿವಿಸಿ ಫಾಲ್ಸ್ ಸೀಲಿಂಗ್ ಮಾಡಿಸಿ ಎಸಿ ಹಾಕಿಸಿ ಎಂದವರು ಕೆಲವರು. ದೊಡ್ಡ ಊರಿನಿಂದ ಬಂದ ಗುತ್ತಿಗೆದಾರರೊಬ್ಬರು ಹಂಚಿನ ಒಳಮೈಗೆ ಪಾಲಿಯುರಿಥೇನ್ ನೊರೆಯನ್ನು ಸಿಂಪಡಿಸಿ, ಒಂದು ದಿನದಲ್ಲಿ ಕೆಲಸ ಮುಗಿಸಿಕೊಡುವುದಾಗಿ ಹೇಳಿದರು. ನೊರೆ ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಮರಗೆಲಸದ ಆಚಾರ್ರು ಅದನ್ನು ಕೇಳಿದ ಕೂಡಲೇ ತಲೆ ಅಲ್ಲಾಡಿಸಿದರು. "ಹಂಚಿಗೆ ಅಡಿಯಿಂದ ಗಾಳಿ ಬೇಕು ಮಾರಾಯ್ರೆ. ಉಸಿರು ಕಟ್ಟಿದ್ರೆ ಪಕಾಸು ಉಳಿಯುದಿಲ್ಲ" ಎಂದರು. ಪಕಾಸು ಎಂದರೆ ಮಾಡಿನ ಇಳಿಜಾರಿನುದ್ದಕ್ಕೂ ಇರುವ ಮರದ ತೊಲೆ, ಅದರ ಮೇಲೆ ಅಡ್ಡಲಾಗಿ ಹೊಡೆಯುವ ಪಟ್ಟಿ ರೀಪು.

ಅವರ ಮಾತಿನ ಹಿಂದೆ ಒಂದು ಲೆಕ್ಕವಿದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವ ಊರು ನಮ್ಮದು. ಸುಟ್ಟ ಮಣ್ಣಿನ ಹಂಚು ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಡುವು ಸಿಕ್ಕಾಗ ಎರಡೂ ಮೈಯಿಂದ ಆರುತ್ತದೆ. ಒಳಮೈಗೆ ನೊರೆ ಅಂಟಿಸಿದರೆ ಆ ತೇವ ಹಂಚಿನಲ್ಲೂ, ಹಂಚನ್ನು ಹೊತ್ತಿರುವ ರೀಪು ಪಕಾಸುಗಳಲ್ಲೂ ಉಳಿಯುತ್ತದೆ. ಮರ ಕೊಳೆಯುವುದಾಗಲಿ ಒರಲೆ ಹಿಡಿಯುವುದಾಗಲಿ ನೊರೆಯ ಹಿಂದೆ ಕಣ್ಣಿಗೆ ಬೀಳುವುದಿಲ್ಲ. ತೆಂಗಿನಕಾಯಿ ಬಿದ್ದು ಹಂಚು ಒಡೆದರೆ ಅದೊಂದನ್ನೇ ಎತ್ತಿ ಬೇರೊಂದು ಕೂರಿಸುವುದು ಹಂಚಿನ ಮಾಡಿನ ದೊಡ್ಡ ಅನುಕೂಲ. ಎಲ್ಲವನ್ನೂ ಒಂದಕ್ಕೊಂದು ಅಂಟಿಸಿಬಿಟ್ಟರೆ ಅದೂ ಹೋಯಿತು. ಅಮ್ಮ ಇನ್ನೊಂದು ವಿಷಯ ನೆನಪಿಸಿದರು. ಒಲೆಯ ಕಾಲದಲ್ಲಿ ಅಡುಗೆಮನೆಯ ಹೊಗೆ ಮಾಡಿನ ಸಂದಿಗಳಿಂದ ಹೊರಹೋಗುತ್ತ ಮರವನ್ನು ಒಣಗಿಸಿಡುತ್ತಿತ್ತು, ಹುಳಗಳನ್ನೂ ದೂರವಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ಇಲ್ಲ. ಹೀಗಿರುವಾಗ ಇರುವ ಗಾಳಿಯನ್ನೂ ಕಟ್ಟಿಹಾಕುವ ಯಾವ ಉಪಾಯವನ್ನೂ ಒಪ್ಪಲು ನನಗೆ ಮನಸ್ಸಾಗಲಿಲ್ಲ. ಶಾಖವನ್ನು ತಡೆಯಬೇಕು, ತೇವ ಹೊರಹೋಗುವ ದಾರಿಯನ್ನು ತಡೆಯಬಾರದು ಎಂಬ ಒಂದೇ ಅಳತೆಗೋಲಿನಿಂದ ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ತೆಗೆದುಕೊಂಡೆವು.

ಕಾದ ಹಂಚಿನಿಂದ ಕೆಳಗೆ ಬರುವ ಶಾಖದಲ್ಲಿ ದೊಡ್ಡ ಪಾಲು ವಿಕಿರಣದ್ದು. ಬಿಸಿಯಾದ ಗಾಳಿ ಮೇಲಕ್ಕೇ ಏರುವುದರಿಂದ ಅದು ಶಾಖವನ್ನು ಕೆಳಕ್ಕೆ ಹೊತ್ತು ತರುವುದು ಕಡಿಮೆ. ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಇಂತಹ ವಿಕಿರಣದ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ, ತಾನು ಬಿಸಿಯಾದರೂ ತನ್ನಿಂದ ಹೊರಸೂಸುವುದು ಬಹಳ ಕಡಿಮೆ. ಹಾಗಾಗಿ ಹಂಚಿನ ಅಡಿಗೆ ಅಲ್ಯೂಮಿನಿಯಂ ಹಾಳೆ ಹಾಸುವುದೆಂದು ತೀರ್ಮಾನಿಸಿದೆವು. ಆದರೆ ಇದಕ್ಕೊಂದು ಕಡ್ಡಾಯ ಶರತ್ತಿದೆ: ಹೊಳೆಯುವ ಮೈಯ ಎದುರು ಗಾಳಿಯ ಸಂದಿ ಇರಬೇಕು. ಹಾಳೆ ಹಂಚಿಗೆ ತಾಗಿಕೊಂಡಿದ್ದರೆ ಶಾಖ ನೇರವಾಗಿ ಅದರೊಳಗೆ ಹರಿಯುತ್ತದೆ, ಹೊಳಪು ಉಪಯೋಗಕ್ಕೆ ಬರುವುದಿಲ್ಲ. ಹಾಳೆಯ ಮೇಲ್ಮೈ ಕೆಲವು ವರ್ಷಗಳಲ್ಲಿ ದೂಳು ಕುಳಿತು ಮಂಕಾಗುವುದರಿಂದ ಎರಡೂ ಕಡೆ ಹೊಳಪಿರುವ ಹಾಳೆಯನ್ನೇ ಆರಿಸಿದೆವು. ಕೆಳಮುಖವಾಗಿರುವ ಮೈಯಲ್ಲಿ ದೂಳು ಕೂರುವುದಿಲ್ಲ, ಬಹುಕಾಲ ಕೆಲಸ ಮಾಡುವುದು ಅದೇ. ಉಪ್ಪುಗಾಳಿಗೆ ಬರಿಯ ಅಲ್ಯೂಮಿನಿಯಂ ಸವೆಯುವುದರಿಂದ ತೆಳುವಾದ ರಕ್ಷಣೆಯ ಲೇಪವಿರುವ, ನೇಯ್ದ ಪ್ಲಾಸ್ಟಿಕ್ಕಿನ ಬೆನ್ನೆಲುಬಿರುವ ಹಾಳೆ ತಂದೆವು.

ಮಾಡು ಬಿಚ್ಚುವ ಕೆಲಸಕ್ಕೆ ನಮ್ಮಲ್ಲಿ ಕಾಲ ಗೊತ್ತಾಗಿಯೇ ಇದೆ. ತುಳಸಿಪೂಜೆ ಮುಗಿದು ಮೋಡ ಪೂರ್ತಿ ಸರಿದ ಮೇಲೆ ಆರಂಭಿಸಬೇಕು. ಏನೇ ಆದರೂ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಯೊಳಗೆ ಮುಗಿದಿರಬೇಕು. ನಾವು ಡಿಸೆಂಬರಿನಲ್ಲಿ ಶುರುಮಾಡಿದೆವು. ಒಮ್ಮೆಗೆ ಮಾಡಿನ ಒಂದು ಪಾರ್ಶ್ವವನ್ನಷ್ಟೇ ಬಿಚ್ಚುವುದು, ಅದನ್ನು ಮುಗಿಸಿ ಮುಚ್ಚಿದ ಮೇಲೆ ಇನ್ನೊಂದನ್ನು ಮುಟ್ಟುವುದು ಎಂದು ಆಚಾರ್ರೊಂದಿಗೆ ಮೊದಲೇ ಮಾತಾಗಿತ್ತು. ಮನೆಯಲ್ಲಿ ವಾಸವಿದ್ದುಕೊಂಡೇ ಕೆಲಸ ಮಾಡಿಸುವವರಿಗೆ ಇದು ಬಹಳ ಮುಖ್ಯ.

ಇಳಿಸಿದ ಹಂಚುಗಳನ್ನು ಅಂಗಳದಲ್ಲಿ ಸಾಲಾಗಿ ಪೇರಿಸಿ, ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದೆವು. ಪ್ರತಿಯೊಂದರ ಬೆನ್ನಿನ ಮೇಲೂ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಆರಂಭಿಸಿದ ಉದ್ಯಮ ಇದು. ಮುಂದೆ ಕರಾವಳಿಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಹುಟ್ಟಿದವು, ಈಗ ಅವುಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ. ಇದರಿಂದ ಕೆಲಸದಲ್ಲಿ ಒಂದು ತೊಡಕಿದೆ. ಹಂಚುಗಳು ಅಂಚಿನ ತೋಡುಗಳಲ್ಲಿ ಒಂದಕ್ಕೊಂದು ಕಚ್ಚಿ ಕೂರುವಂಥವು, ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಬೇರೆ ಬೇರೆ ಅಚ್ಚಿನವನ್ನು ಒಂದೇ ಸಾಲಿನಲ್ಲಿ ಬೆರೆಸಿದರೆ ಆ ಸಂದಿಯಲ್ಲೇ ಮಳೆನೀರು ನುಗ್ಗುತ್ತದೆ. ಒಡೆದವುಗಳ ಬದಲಿಗೆ ಅದೇ ಹೆಸರಿನ ಹಳೆಯ ಹಂಚುಗಳನ್ನು, ಕೆಡವುತ್ತಿದ್ದ ಮನೆಯೊಂದರಿಂದ ಕೊಂಡು ತಂದೆವು. ಉಳಿದ ಸ್ವಲ್ಪ ಹೊಸ ಹಂಚುಗಳನ್ನು ಹಿಂಭಾಗದ ಒಂದು ಪಟ್ಟಿಗೆ ಪ್ರತ್ಯೇಕವಾಗಿ ಹಾಕಿಸಿದೆವು.

ಪಕಾಸುಗಳು ಕಿರಾಲುಭೋಗಿ ಮರದವು, ತುದಿಗಳಲ್ಲಿ ಕೆಲವನ್ನು ಬಿಟ್ಟರೆ ಎಲ್ಲವೂ ಗಟ್ಟಿಯಾಗಿದ್ದವು. ಅವುಗಳ ಮೇಲೆ ಹಾಳೆಯನ್ನು ಅಡ್ಡಲಾಗಿ ಹಾಸುವ ಕ್ರಮ ಹಂಚು ಹೊದಿಸುವ ಕ್ರಮದ್ದೇ: ಸೂರಿನ ಕಡೆಯಿಂದ ಆರಂಭಿಸಿ ಮೇಲಕ್ಕೆ ಹೋಗುವುದು, ಮೇಲಿನ ಪಟ್ಟಿ ಕೆಳಗಿನದರ ಮೇಲೆ ಅರ್ಧ ಅಡಿ ಹೊದ್ದುಕೊಳ್ಳುವಂತೆ ನೋಡಿಕೊಳ್ಳುವುದು. ಎರಡು ಪಕಾಸುಗಳ ನಡುವೆ ಹಾಳೆಯನ್ನು ಬಿಗಿಯಾಗಿ ಎಳೆಯದೆ ತುಸು ಜೋಲುವಂತೆ ಬಿಟ್ಟೆವು. ಗಾಳಿಮಳೆಗೆ ಹಂಚಿನ ಸಂದಿಯಿಂದ ಒಳನುಗ್ಗಿದ ನೀರು ಆ ತಗ್ಗಿನಲ್ಲಿ ಹರಿದು ಸೂರಿನಾಚೆಯ ದಂಬೆಗೆ, ಅಂದರೆ ಮಳೆನೀರಿನ ದೋಣಿಗೆ, ಬೀಳಲಿ ಎಂಬುದು ಉದ್ದೇಶ. ಹಾಳೆಯ ಮೇಲೆ, ಪ್ರತಿ ಪಕಾಸಿನ ಉದ್ದಕ್ಕೂ ಒಂದೂವರೆ ಇಂಚು ದಪ್ಪದ ಮರದ ಪಟ್ಟಿ ಹೊಡೆದು, ಅದರ ಮೇಲೆ ಅಡ್ಡ ರೀಪು, ರೀಪಿನ ಮೇಲೆ ಹಂಚು. ಈ ಪಟ್ಟಿಯನ್ನು ಬಿಟ್ಟು ರೀಪನ್ನು ನೇರವಾಗಿ ಹಾಳೆಯ ಮೇಲೆ ಹೊಡೆದರೆ ಸೋರಿದ ನೀರು ಪ್ರತಿ ರೀಪಿಗೂ ತಡೆದು ನಿಲ್ಲುತ್ತದೆ, ಗಾಳಿಯ ಸಂದಿಯೂ ಇಲ್ಲವಾಗುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದೂವರೆ ಇಂಚಿನ ಮೇಲೆಯೇ. ಮೊಳೆಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದೆವು. ಬೆಲೆ ಹೆಚ್ಚು, ಆದರೆ ಕಡಲ ಬದಿಯಲ್ಲಿ ಸಾದಾ ಮೊಳೆ ತುಕ್ಕು ಹಿಡಿದು ಹಾಳೆಯನ್ನೂ ತಿನ್ನುತ್ತದೆ.

ಮಾಡಿನ ನೆತ್ತಿಯ ಬಳಿ ವಿಶೇಷ ಎಚ್ಚರಿಕೆ ಬೇಕಾಯಿತು. ನೆತ್ತಿಯ ಮೂಲೆಹಂಚುಗಳನ್ನು ಗಾರೆಯಲ್ಲಿ ಕೂರಿಸುವುದು ವಾಡಿಕೆ. ಹಸಿ ಸುಣ್ಣವಾಗಲಿ ಸಿಮೆಂಟಾಗಲಿ ಅಲ್ಯೂಮಿನಿಯಮ್ಮಿಗೆ ತಾಗಿದರೆ ಅದನ್ನು ತಿಂದುಹಾಕುತ್ತದೆ. ಹಾಳೆಯನ್ನು ನೆತ್ತಿಗಿಂತ ಒಂದು ಗೇಣು ಕೆಳಗೇ ನಿಲ್ಲಿಸಿ, ಮೂಲೆಹಂಚುಗಳ ಗಾರೆಯಲ್ಲಿ ಅಲ್ಲಲ್ಲಿ ಸಂದಿ ಬಿಟ್ಟೆವು. ಸೂರಿನ ಕಡೆಯಿಂದ ಒಳಬಂದ ಗಾಳಿ ಹಂಚಿನಡಿ ಕಾದು ಏರಿ ಆ ಸಂದಿಗಳಿಂದ ಹೊರಬೀಳುತ್ತದೆ. ಮೇಲೆ, ಕೆಳಗೆ ಎರಡೂ ಕಡೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಬೇಕು, ಇಲ್ಲವಾದರೆ ಇಲಿ ಮತ್ತು ಬಾವಲಿಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಇನ್ನೊಂದಿರದು. ಮಾಡು ಒಂದೂವರೆ ಇಂಚು ಎತ್ತರವಾದ್ದರಿಂದ ಹಂಚು ಹಿಂಭಾಗದ ಕಾಂಕ್ರೀಟು ಗೋಡೆಯನ್ನು ಸೇರುವಲ್ಲಿದ್ದ ತಗಡಿನ ಪಟ್ಟಿಯನ್ನೂ ಎತ್ತರಿಸಬೇಕಾಯಿತು. ಚಾವಡಿಯಲ್ಲಿ ಬೆಳಕಿಗೆಂದು ಇದ್ದ ಗಾಜಿನ ಹಂಚುಗಳಲ್ಲಿ ಪಶ್ಚಿಮದ ಪಾರ್ಶ್ವದವನ್ನು ತೆಗೆದು ಉತ್ತರದ ಪಾರ್ಶ್ವದವನ್ನು ಉಳಿಸಿಕೊಂಡೆವು, ಅವುಗಳ ಅಡಿಯಲ್ಲಿ ಹಾಳೆಯನ್ನು ಚೌಕವಾಗಿ ಕತ್ತರಿಸಿ ಅಂಚನ್ನು ಮರದ ಚೌಕಟ್ಟಿಗೆ ಮಡಚಿದೆವು.

ಮುಚ್ಚಿಗೆ ಇರುವ ಕೋಣೆಗಳಿಗೆ ಹೆಚ್ಚಿನದೇನೂ ಬೇಕಿರಲಿಲ್ಲ. ಅಟ್ಟದ ಹಲಗೆಯ ಮೇಲೆ ತೆಂಗಿನ ನಾರಿನ ದಪ್ಪ ಹಾಸನ್ನು, ಬೊರಾಕ್ಸ್ (ಬಿಳಿಗಾರ) ನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿ ಹಾಸಿದೆವು. ಗಾಜಿನ ಉಣ್ಣೆ, ಕಲ್ಲಿನ ಉಣ್ಣೆಗಳು ಮಳೆಗಾಲದ ತೇವದಲ್ಲಿ ಕುಸಿದರೆ ಮೊದಲಿನಂತೆ ಕೆಲಸ ಮಾಡವು; ತೆಂಗಿನ ನಾರು ನೆಂದರೂ ಬೇಗ ಕೊಳೆಯದ ವಸ್ತು, ಅದೂ ನಮ್ಮ ಊರಿನಲ್ಲೇ ಸಿಗುವಂಥದ್ದು.

ಗೋಡೆಗಳ ವಿಷಯ ಇನ್ನೂ ಸೂಕ್ಷ್ಮ. ನೈಋತ್ಯ ಮಾರುತದ ಮಳೆ ಬಂದು ಹೊಡೆಯುವುದು ಪಶ್ಚಿಮದ ಗೋಡೆಗೆ, ಸಂಜೆಯ ಬಿಸಿಲು ಬೀಳುವುದೂ ಅದೇ ಗೋಡೆಗೆ. ಹಿಂದೊಮ್ಮೆ ಯಾರದೋ ಸಲಹೆಯಂತೆ ಅದಕ್ಕೆ ಸಿಮೆಂಟಿನ ಗಿಲಾವು ಮಾಡಿ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಯಲಾಗಿತ್ತು. ಸಿಮೆಂಟಿನಲ್ಲಿ ಬಿರುಕು ಬಿಟ್ಟ ಕಡೆಯಿಂದ ಒಳಹೋದ ನೀರು ಹೊರಬರಲಾರದೆ ಮುರಕಲ್ಲು ಜನವರಿಯಲ್ಲೂ ಹಸಿಯಾಗಿರುತ್ತಿತ್ತು, ಒಳಗೋಡೆಯಲ್ಲಿ ಬೂಸುರು ಬೆಳೆಯುತ್ತಿತ್ತು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮುರಕಲ್ಲಿನ ತೂತುಗಳಲ್ಲಿ ಗಾಳಿಯ ಬದಲು ನೀರು ತುಂಬಿದ್ದರೆ ಆ ಗೋಡೆ ಶಾಖವನ್ನು ತಡೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಇಂತಹ ಗೋಡೆಗೆ ಮೊದಲ ಇನ್ಸುಲೇಶನ್ ಎಂದರೆ ಅದನ್ನು ಒಣಗಿಸುವುದು.

ಸಿಮೆಂಟನ್ನು ಕೆತ್ತಿ ತೆಗೆದು, ಗೋಡೆಯನ್ನು ಕೆಲವು ವಾರ ಬರಿಮೈಯಲ್ಲಿ ಗಾಳಿಗೆ ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಿಸಿದೆವು. ಹೊಳೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ನೀರಿನಲ್ಲಿ ನೆನೆಹಾಕಿ, ಬೆಣ್ಣೆಯಂತಾದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸಿದ ಗಾರೆ ಅದು. ಮರಳು ಹೊಳೆಯದ್ದೇ ಆಗಬೇಕು, ಕಡಲ ದಡದ ಮರಳಿನ ಉಪ್ಪು ಗೋಡೆಯನ್ನು ಎಂದೆಂದಿಗೂ ಹಸಿಯಾಗಿಡುತ್ತದೆ. ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಬೆರಳೆಣಿಕೆಯಷ್ಟು. ನಮಗೆ ಸಿಕ್ಕ ಹಿರಿಯ ಮೇಸ್ತ್ರಿ ಅಂಗೈಯಲ್ಲಿ ಒಂದಿಷ್ಟು ಗಾರೆ ತೆಗೆದುಕೊಂಡು ಕೈಯನ್ನು ಮಗುಚಿ ಹಿಡಿಯುತ್ತಿದ್ದರು; ಬೀಳದೆ ಅಂಟಿಕೊಂಡಿದ್ದರೆ ಮಾತ್ರ ಗೋಡೆಗೆ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುವಂಥದ್ದು, ಬೇಗನೆ ಒಣಗಿದರೆ ಪುಡಿಯಾಗುತ್ತದೆ. ಆದ್ದರಿಂದ ಒದ್ದೆ ಗೋಣಿಚೀಲಗಳನ್ನು ಇಳಿಬಿಟ್ಟು ನೆರಳು ಮಾಡಿ ಕಾಪಾಡಿದೆವು. ಅದರ ಮೇಲೆ ಸುಣ್ಣದ್ದೇ ಬಿಳಿ. ಹಳಬರು ಮಳೆಗಾಲಕ್ಕೆ ಮುನ್ನ ಹೆಣೆದ ತೆಂಗಿನ ಗರಿಯ ತಟ್ಟಿಯನ್ನು ಪಶ್ಚಿಮದ ಗೋಡೆಗೆ ಕಟ್ಟುತ್ತಿದ್ದರು. ನಾವೂ ಮತ್ತೆ ಕಟ್ಟತೊಡಗಿದ್ದೇವೆ. ಗೋಡೆಗೂ ತಟ್ಟಿಗೂ ನಡುವೆ ನಾಲ್ಕು ಬೆರಳಿನ ಸಂದಿ ಬಿಟ್ಟರೆ ಮಳೆಯೂ ನಿಲ್ಲುತ್ತದೆ, ಗೋಡೆಯೂ ಆರುತ್ತಿರುತ್ತದೆ.

ತಾರಸಿಗೆ ಊರಿನಲ್ಲಿ ಎಲ್ಲರೂ ಮಾಡುವುದು ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸುವುದು. ಸೋರುವಿಕೆಗೆ ಅದು ಒಳ್ಳೆಯ ಉಪಾಯ, ಬದಿಗಳು ತೆರೆದಿದ್ದರೆ ತಾರಸಿಗೆ ನೆರಳೂ ಆಗುತ್ತದೆ. ಆದರೆ ನಮ್ಮಷ್ಟು ಕಡಲಿಗೆ ಹತ್ತಿರದಲ್ಲಿ ಕಬ್ಬಿಣ ಬಾಳುವುದಿಲ್ಲ, ಬಿರುಗಾಳಿಯ ಭಯ ಬೇರೆ. ಇಂಜಿನಿಯರ್ ಒಬ್ಬರಿಂದ ಸ್ಲ್ಯಾಬನ್ನು ತಟ್ಟಿ ನೋಡಿಸಿದೆವು. ಉಪ್ಪುಗಾಳಿಗೆ ಕೆಲವೆಡೆ ಒಳಗಿನ ಸರಳು ತುಕ್ಕು ಹಿಡಿದು ಅಡಿಯ ಕಾಂಕ್ರೀಟು ಉದುರಿತ್ತು. ಅದನ್ನು ಕೆತ್ತಿ, ಸರಳನ್ನು ಶುಚಿಮಾಡಿ, ದುರಸ್ತಿ ಮುಗಿಸಿದ ಮೇಲಷ್ಟೇ ಮುಂದಿನ ಕೆಲಸ. ಮೇಲಿದ್ದ ಹಳೆಯ ಸಿಮೆಂಟು ಪದರವನ್ನು ತೆಗೆಸಿದ್ದರಿಂದ ಹೊಸ ಪದರಗಳ ಭಾರಕ್ಕೆ ಅವಕಾಶವಾಯಿತು. ನೀರು ನಿಲ್ಲದ ಇಳಿಜಾರು, ಅದರ ಮೇಲೆ ನೀರು ತಡೆಯುವ ಲೇಪ, ಆಮೇಲೆ ಎರಡಿಂಚಿನ ಎಕ್ಸ್‌ಪಿಎಸ್ ಹಲಗೆ, ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್, ಕೊನೆಗೆ ತೆಳುವಾದ ಗಾರೆಯಲ್ಲಿ ಬಿಳಿ ಟೈಲಿನ ಚೂರುಗಳ ಚೈನಾ ಮೊಸಾಯಿಕ್. ಎಕ್ಸ್‌ಪಿಎಸ್ ಎಂದರೆ ಥರ್ಮಾಕೋಲಿನ ಜಾತಿಯದೇ, ಆದರೆ ಮುಚ್ಚಿದ ಗಾಳಿಕೋಶಗಳಿರುವುದರಿಂದ ನೀರು ಹೀರುವುದು ತೀರ ಕಡಿಮೆ. ಲೇಪವನ್ನು ಆರಿಸುವಾಗ ಅದು ನೀರಿನಲ್ಲಿ ಬೆರೆಸುವಂಥದ್ದೇ ಎಂದು ಖಚಿತಪಡಿಸಿಕೊಳ್ಳಬೇಕು, ಥಿನ್ನರ್ ತರಹದ ದ್ರಾವಕವಿರುವ ಲೇಪ ತಾಗಿದರೆ ಈ ಹಲಗೆ ಕರಗಿಹೋಗುತ್ತದೆ. ತಡೆಯನ್ನು ಸ್ಲ್ಯಾಬಿನ ಅಡಿಗೆ ಹಾಕದೆ ಮೇಲೆ ಹಾಕಿದ್ದಕ್ಕೆ ಕಾರಣ ಇಷ್ಟೆ: ಕಾಂಕ್ರೀಟು ಬಿಸಿಲನ್ನು ಕುಡಿಯುವ ಮೊದಲೇ ತಡೆದರೆ ರಾತ್ರಿ ಅದಕ್ಕೆ ಕಕ್ಕಲು ಏನೂ ಇರುವುದಿಲ್ಲ, ಹಗಲೆಲ್ಲ ಕಾದು ತಣಿದು ಬಿರುಕು ಬಿಡುವುದೂ ಕಡಿಮೆಯಾಗುತ್ತದೆ.

ಮರುವರ್ಷದ ಏಪ್ರಿಲಿನಲ್ಲಿ ಮತ್ತೆ ಅಳೆದೆ. ಹೊಳೆಯುವ ಮೈಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್ ಸರಿಯಾಗಿ ಓದುವುದಿಲ್ಲ, ಸುಳ್ಳು ಕಡಿಮೆ ಅಂಕಿ ತೋರಿಸುತ್ತದೆ. ಹಾಳೆಗೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ಗುರಿಯಿಟ್ಟು ನೋಡಬೇಕು. ಹಂಚು ಎಂದಿನಂತೆ 50ರ ಮೇಲೆಯೇ ಇತ್ತು, ಹಾಳೆ 40ರ ಆಸುಪಾಸಿನಲ್ಲಿತ್ತು, ಅದರಿಂದ ಕೆಳಗೆ ಬರುವ ವಿಕಿರಣ ಆ ಅಂಕಿ ಹೇಳುವುದಕ್ಕಿಂತಲೂ ಬಹಳ ಕಡಿಮೆ. ಚಾವಡಿಯ ಗಾಳಿ ಹೊರಗಿನ ನೆರಳಿಗಿಂತ ತಂಪಾಗಿಲ್ಲ. ಆದರೆ ತಲೆಯ ಮೇಲಿಂದ ಸುರಿಯುತ್ತಿದ್ದ ಝಳ ನಿಂತಿದೆ, ಫ್ಯಾನಿನ ಗಾಳಿ ಹಿತವಾಗಿದೆ, ಅಮ್ಮ ಊಟವಾದ ಮೇಲೆ ಒಂದು ಗಂಟೆ ನಿದ್ದೆ ಮಾಡುತ್ತಾರೆ. ಇಷ್ಟು ಖರ್ಚು ಮಾಡಿದ್ದು ಇದಕ್ಕಾಗಿಯೇ. ತಾರಸಿಯ ಅಡಿ ರಾತ್ರಿಯ ಹೊತ್ತಿನ ಬಿಸಿ ಕೈಗೆ ಗೊತ್ತಾಗುವಷ್ಟು ಇಳಿದಿದೆ.

ಮಳೆಗಾಲವೇ ನಿಜವಾದ ಪರೀಕ್ಷೆ ಎಂದು ಜುಲೈನಲ್ಲಿ ಅಟ್ಟ ಹತ್ತಿ ಟಾರ್ಚ್ ಹಿಡಿದು ಮೂಲೆಮೂಲೆ ನೋಡಿದೆ. ಹಾಳೆಯ ಒಳಮೈ ಒಣಗಿತ್ತು, ಪಕಾಸುಗಳೂ ಒಣಗಿದ್ದವು. ಅಡುಗೆಮನೆಗೆ ಹತ್ತಿರದ ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಹನಿಗಳು ಕಂಡವು, ಅನ್ನ ಬೇಯುವ ಹಬೆ ಬಾಗಿಲ ಮೇಲಿನ ಸಂದಿಯಿಂದ ಅಲ್ಲಿಗೆ ಏರುತ್ತಿತ್ತು. ಅಡುಗೆಮನೆಯ ಹೊರಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ಮೇಲೆ ಅದೂ ನಿಂತಿತು. ಚಾವಡಿಯ ನಡುವೆ ಮೊಬೈಲಿನ ಸಿಗ್ನಲ್ ಮಾತ್ರ ಕುಗ್ಗಿದೆ. ಲೋಹದ ಹಾಳೆ ರೇಡಿಯೋ ಅಲೆಗಳನ್ನೂ ತಡೆಯುವುದರಿಂದ ಹಾಕಿಸುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಖರ್ಚಿನ ಬಗ್ಗೆ ಕೇಳುವವರಿಗೆ ಹೇಳುವುದಾದರೆ, ಹಾಳೆ, ನಾರು, ಎಕ್ಸ್‌ಪಿಎಸ್‌ಗಳ ಬೆಲೆ ಒಟ್ಟು ಮೊತ್ತದಲ್ಲಿ ಚಿಕ್ಕ ಪಾಲು. ಮರ ಮತ್ತು ಕೂಲಿಗೇ ಅರ್ಧಕ್ಕಿಂತ ಹೆಚ್ಚು ಹೋಯಿತು. ಹೇಗೂ ಮಾಡು ಬಿಚ್ಚಿ ದುರಸ್ತಿ ಮಾಡಿಸಬೇಕಾದ ವರ್ಷದಲ್ಲೇ ಇದನ್ನೂ ಸೇರಿಸಿಕೊಂಡರೆ ಹೆಚ್ಚಿನ ಹೊರೆ ಅಷ್ಟಾಗಿ ತಿಳಿಯುವುದಿಲ್ಲ. ಅಷ್ಟು ಕೈಲಾಗದವರು ಪಕಾಸಿನ ಅಡಿಯಿಂದಲೇ ಹಾಳೆಯನ್ನು ಹೊಡೆಸಿಕೊಳ್ಳಬಹುದು. ಸೋರಿದ ನೀರನ್ನು ಹೊರಹಾಕುವ ಅನುಕೂಲ ಅದರಲ್ಲಿ ಇಲ್ಲ, ಆದರೆ ಸೂರು ಮತ್ತು ನೆತ್ತಿಯ ಸಂದಿಗಳನ್ನು ಮುಚ್ಚದಿದ್ದರೆ ಶಾಖ ತಡೆಯುವ ಕೆಲಸ ಬಹುಮಟ್ಟಿಗೆ ಆಗುತ್ತದೆ. ನಮ್ಮಲ್ಲಿ ಇನ್ನು ಉಳಿದಿರುವುದು ದಕ್ಷಿಣದ ಗೋಡೆಯ ಸಿಮೆಂಟು. ಅದನ್ನು ಈ ಬಾರಿ ತುಳಸಿಪೂಜೆ ಕಳೆದ ಮೇಲೆ ಕೆತ್ತಿಸುವುದೆಂದು ಮೇಸ್ತ್ರಿಗೆ ಹೇಳಿಟ್ಟಿದ್ದೇನೆ. ಸುಣ್ಣವನ್ನು ಈಗಲೇ ನೆನೆಹಾಕಿಡಲು ಹೇಳಿದ್ದಾರೆ.